ಎಡಕ್ಕೊಂದು ಓರೆ ದುರ್ಬೀನು

ಅಲ್ಯೂಮಿನಿಯಂನ ಆ ತುಂಡು ಈಗಲೂ ನನ್ನ ಮೇಜಿನ ಮೇಲಿದೆ. ಫ್ಯಾನಿನ ಗಾಳಿಗೆ ಪೇಪರು ಹಾರದಂತೆ ಇಟ್ಟಿದ್ದೇನೆ. ನೋಡಿದಾಗಲೆಲ್ಲ ಮೈ ಉರಿಯುತ್ತದೆ, ಆದರೂ ಎಸೆಯಲು ಮನಸ್ಸು ಬರುವುದಿಲ್ಲ. ಬೆಂಕಿಪೊಟ್ಟಣದಷ್ಟು ಇದೆ, ಒಂದು ಮಗ್ಗುಲಿಗೆ ನಲವತ್ತೈದು ಡಿಗ್ರಿ ಓರೆ. ನನ್ನ ಪಾಯಿಂಟ್ ಟೂ ಟೂ ರೈಫಲ್ಲಿನ ಮೇಲೆ ಮೊದಲೇ ಒಂದು ದುರ್ಬೀನು ಇತ್ತು. ಅದರ ಪಕ್ಕದಲ್ಲಿ ಇನ್ನೊಂದನ್ನು ಎಡಕ್ಕೆ ವಾಲಿಸಿ ಕೂರಿಸಲು ಮಾಡಿಸಿದ ತುಂಡು ಇದು. ಇದಕ್ಕಾಗಿ ರಾಯಚೂರಿನಿಂದ ದೇವದುರ್ಗಕ್ಕೆ ನಾಲ್ಕು ಸಲ ಅಲೆದೆ, ಹಳೆಯ ಗೆಳೆಯನ ಮೇಲೆ ಅವನ ಅಂಗಡಿಯಲ್ಲೇ ನಿಂತು ಕೂಗಾಡಿದೆ, ಹೆಂಡತಿಗೆ ಒಂದು ವರ್ಷ ಸುಳ್ಳು ಹೇಳಿದೆ.

ಸುಳ್ಳಿನಿಂದಲೇ ಶುರು ಮಾಡುತ್ತೇನೆ. ನನ್ನ ಬಲಗಣ್ಣು ಹೋಗಿದೆ.

ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮೂವತ್ತು ವರ್ಷ ಮೀಟರು ಸರಿಪಡಿಸುವ ಕೆಲಸ ಮಾಡಿ ನಿವೃತ್ತನಾದವನು ನಾನು. ಒತ್ತಡ ತೋರಿಸುವ ಮುಳ್ಳು ಕೂದಲೆಳೆಯಷ್ಟು ಸರಿದರೂ ದೂರದಿಂದಲೇ ಹೇಳುತ್ತಿದ್ದೆ. ನನ್ನದೇ ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತಿದ್ದದ್ದು ಮಾತ್ರ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಬಲಗಡೆಯ ಲೋಕ ಎಣ್ಣೆ ಕಾಗದ ಅಂಟಿಸಿದ ಹಾಗಾಗಿತ್ತು. ಡಾಕ್ಟರು, "ಹೋದದ್ದು ತಿರುಗಿ ಬರೋದಿಲ್ಲ. ಎಡಗಣ್ಣನ್ನಾದರೂ ಕಾಪಾಡಿಕೊಳ್ಳಿ" ಎಂದು ದಿನಾ ಹಾಕುವ ಹನಿ ಔಷಧ ಬರೆದುಕೊಟ್ಟರು. ನಾನು ಒಬ್ಬನೇ ಹೋಗಿದ್ದೆ, ಒಬ್ಬನೇ ಬಂದೆ. ಔಷಧದ ಬಾಟಲಿಯನ್ನು ಬಂದೂಕು ಒರೆಸುವ ಎಣ್ಣೆಯ ಡಬ್ಬಿಯಲ್ಲಿ ಬಚ್ಚಿಟ್ಟೆ. ಮನೆಯಲ್ಲಿ ನನ್ನ ಹೆಂಡತಿ ಕೈ ಹಾಕದ ಜಾಗ ಅದೊಂದೇ ಎಂದು ನನ್ನ ಲೆಕ್ಕ.

ಅವಳು ಆ ರೈಫಲ್ಲನ್ನು ಸವತಿ ಎಂದೇ ಕರೆಯುತ್ತಿದ್ದಳು. "ನನ್ನ ಸವತಿನ್ನ ಒರಸಿದ್ದು ಸಾಕು, ರೊಟ್ಟಿ ಆರಾಕತ್ಯಾವ, ಬರ್ರಿ" ಎಂದು ಅಡುಗೆಮನೆಯಿಂದ ಕೂಗುವಳು. ಕಣ್ಣು ಹೋಯಿತೆಂದು ತಿಳಿದರೆ ಸವತಿಯನ್ನು ಹೊರಗೆ ಹಾಕಲು ಅವಳಿಗೆ ಒಳ್ಳೆಯ ನೆಪ ಸಿಗುತ್ತದೆಂದು ನಾನು ಹೆದರಿದ್ದೆ. ಮೊದಲು ಎಡಗಣ್ಣಿನಿಂದ ಹೊಡೆದು ತೋರಿಸಬೇಕು, ಆಮೇಲೆ ಹೇಳಬೇಕು. ಹೀಗೆ ನನ್ನಷ್ಟಕ್ಕೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಚಹಾದ ಗಾಜಿನ ಲೋಟವನ್ನು ಕಾಗದದ ಮೇಲೆ ಬೋರಲಿಟ್ಟು ಸುತ್ತ ಗೆರೆ ಎಳೆದೆ. ಐವತ್ತು ಮೀಟರಿನಿಂದ ಹತ್ತಕ್ಕೆ ಹತ್ತು ಗುಂಡು ಆ ಗೆರೆಯೊಳಗೆ ಬಿದ್ದ ದಿನ ಹೆಂಡತಿಯನ್ನು ಕೂರಿಸಿಕೊಂಡು ಎಲ್ಲ ಹೇಳಿಬಿಡುವುದು. ಬೀಳದಿದ್ದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ.

"ಅಷ್ಟಕ್ಕೆ ಯಾಕಪ್ಪ ಈ ಗೋಳು, ಎಡ ಹೆಗಲಿಗೆ ಇಟ್ಟುಕೊಂಡು ಹೊಡೆದರಾಯಿತು" ಎಂದು ತಿಳಿದವರು ಯಾರಾದರೂ ಹೇಳಿಯಾರು. ಆಗುವುದಿಲ್ಲ. ಯಾಕೆಂದರೆ ನನ್ನ ಅಪ್ಪ.

ನಾನು ಹುಟ್ಟಿದ್ದು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್‌ನಲ್ಲಿ, ಕೂಲಿ ಮಾಡಿ ಉಣ್ಣುವವರ ಕೇರಿಯಲ್ಲಿ. ಬಂದೂಕನ್ನು ಆಯುಧಪೂಜೆಯ ದಿನ ಉಳ್ಳವರ ಕಟ್ಟೆಯ ಮೇಲೆ ದೂರದಿಂದ ನೋಡಿದ್ದೇ ಹೊರತು ನಮ್ಮ ಕೇರಿಯ ಕೈ ಅದನ್ನು ಮುಟ್ಟಿದ್ದಿಲ್ಲ. ರಾಯಚೂರಿನ ಕಾಲೇಜಿಗೆ ಬಂದು ಎನ್‌ಸಿಸಿ ಸೇರಿದಾಗ ಮೊದಲ ಸಲ ರೈಫಲ್ಲೊಂದನ್ನು ಬಲ ಹೆಗಲಿಗೆ ಒತ್ತಿಕೊಂಡೆ. ಐದರಲ್ಲಿ ನಾಲ್ಕು ಗುಂಡು ನಡುವೆ ಬಿದ್ದವು. ಊರಿಗೆ ಹೋಗಿ ಹೇಳಿದೆ. ಅಪ್ಪ ನಂಬಲಿಲ್ಲ. ಅಂಗಿ ಸರಿಸಿ ನನ್ನ ಬಲ ಹೆಗಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ನೋಯ್ತದೇನಲೇ?" ಎಂದ. ಇಲ್ಲ ಎಂದೆ. "ನಾ ಹೆಗಲ ಮ್ಯಾಲ ಚೀಲ ಹೊತ್ತೆ, ನೀ ಬಂದೂಕ ಹೊತ್ತಿ ನೋಡು" ಎಂದು ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. ಎಷ್ಟೋ ವರ್ಷಗಳ ಮೇಲೆ ಕ್ರೀಡೆಯ ಪರವಾನಗಿ ತೆಗೆದು ಸ್ವಂತ ರೈಫಲ್ ಕೊಂಡಾಗ ಅಪ್ಪ ಇರಲಿಲ್ಲ. ಆ ಹೆಗಲು ಮಾತ್ರ ಇತ್ತು.

ಸರಿ, ಹೆಗಲು ಬದಲಾಗುವುದಿಲ್ಲ, ಕಣ್ಣು ಬದಲಾಗಬೇಕು. ರೈಫಲ್ಲನ್ನು ಬಲ ಹೆಗಲಿಗಿಟ್ಟು ಕೆನ್ನೆ ಒರಗಿಸಿದರೆ ಎಡಗಣ್ಣು ನಳಿಗೆಯಿಂದ ನಾಲ್ಕು ಬೆರಳಿನಷ್ಟು ಎಡಕ್ಕೆ ಉಳಿಯುತ್ತದೆ. ಆ ಕಣ್ಣಿನ ನೇರಕ್ಕೆ ಇನ್ನೊಂದು ಸಣ್ಣ ಗುರಿನೋಟವನ್ನು ಓರೆಯಾಗಿ ಕೂರಿಸಿದರೆ ತಲೆಯನ್ನು ತುಸು ವಾಲಿಸಿ ಹೊಡೆಯಬಹುದು. ಮೇಲಿನ ದುರ್ಬೀನು ಅದರ ಜಾಗದಲ್ಲೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕೇಳಿದರೆ, ಮೇಲಿನದು ದೂರಕ್ಕೆ, ಪಕ್ಕದ್ದು ಹತ್ತಿರಕ್ಕೆ ಎನ್ನುವುದು. ಹಾಗೆ ಎರಡು ಕೂರಿಸುವವರು ಇದ್ದೇ ಇದ್ದಾರೆ. ಮೊಬೈಲಿನಲ್ಲಿ ಹುಡುಕಿ ಕೆಂಪು ಚುಕ್ಕೆ ಕಾಣುವ ಗಾಜಿನ ಸೈಟೊಂದನ್ನು ತರಿಸಿದೆ.

ಅಲ್ಲಿಂದ ಹಿಡಿಯಿತು ನೋಡಿ ಶನಿ. ಅದರ ಜೊತೆ ಬಂದ ಹಿಡಿಕೆಯ ಬಾಯಿ ಅಗಲ, ನನ್ನ ರೈಫಲ್ಲಿನ ಮೇಲಿನ ಪಟ್ಟಿ ಕಿರಿದು. ಬಿಗಿ ಮಾಡಿದರೂ ಹಳೆಯ ಚಪ್ಪಲಿಯಂತೆ ಆಡುತ್ತಿತ್ತು. ಬೇರೆ ತರಿಸಿದೆ. ಅದು ಬಲಕ್ಕೆ ವಾಲುವ ತರಹದ್ದು. ಬಲಗೈಯವರು ಬಲಗಣ್ಣಿನಲ್ಲೇ ನೋಡುತ್ತಾರೆಂದು ಅದನ್ನು ಮಾಡಿದವನ ನಂಬಿಕೆ. ಅವನನ್ನೂ ಬೈದೆ, ಪಾರ್ಸೆಲ್ಲು ತಂದವನನ್ನೂ ಬೈದೆ.

ಇದೆಲ್ಲದರ ನಡುವೆ ಮನೆಯಲ್ಲೂ ನೆಮ್ಮದಿ ಇರಲಿಲ್ಲ. ನೀರು ಬಗ್ಗಿಸಲು ಹೋದರೆ ಲೋಟದ ಪಕ್ಕದಲ್ಲಿ ಸುರಿಯುತ್ತಿತ್ತು. ಒಂದೇ ಕಣ್ಣಿಗೆ ಲೋಟ ಎಷ್ಟು ದೂರದಲ್ಲಿದೆ ಎನ್ನುವುದು ತಿಳಿಯುವುದಿಲ್ಲ. "ಈ ಜಗ್ಗಿನ ಮೂತಿನ ಸರಿ ಇಲ್ಲ, ಬಿಸಾಕು ಅತ್ಲಾಗ" ಎಂದು ರೇಗಿದೆ. ಹೆಂಡತಿ ಬಟ್ಟೆ ತಂದು ಒರೆಸಿದಳು. ವಾರದೊಳಗೆ ಬೇರೆ ಜಗ್ಗು ಬಂತು. ಅದರ ಮೂತಿಯೂ ಸರಿ ಇರಲಿಲ್ಲ.

ಇನ್ನು ಬೈಕಿನ ಮೇಲೆ ಅವಳ ಕಾಟ. ಮದುವೆಯಾದಂದಿನಿಂದ ನಮ್ಮ ಕಡೆಯ ಎಲ್ಲ ಹೆಂಗಸರಂತೆ ಎರಡೂ ಕಾಲು ಎಡಕ್ಕೆ ಬಿಟ್ಟು, ಒಂದು ಕೈ ನನ್ನ ಹೆಗಲ ಮೇಲಿಟ್ಟು, ಹೊಲ ನೋಡುತ್ತ ಕೂರುತ್ತಿದ್ದವಳು ಒಂದು ದಿನ ಇದ್ದಕ್ಕಿದ್ದಂತೆ ಸೀರೆ ಎತ್ತಿ ಸಿಗಿಸಿ, ಗಂಡಸರಂತೆ ಅತ್ತೊಂದು ಇತ್ತೊಂದು ಕಾಲು ಹಾಕಿ ಕೂತಳು. ಐವತ್ತು ದಾಟಿದ ಹೆಂಗಸು, ಸೀರೆಯಲ್ಲಿ! ನಾನು ತಿರುಗಿ ನೋಡಿದೆ.

"ಇದೇನ ಇದು, ಕುದರಿ ಏರಿದಂಗ?"

"ಸೊಂಟ ಹಿಡದದರೀ. ಒಂದ ಕಡಿ ಕುಂತ್ರ ಕಳಕ್ ಅಂತದ. ನಡೀರಿ."

ಅಂದಿನಿಂದ ಹಾಗೇ. ಅರಕೇರಾದ ಅವಳ ತವರಿಗೆ ಹೋದಾಗ ಅವಳ ತಂಗಿ ಬಾಗಿಲಲ್ಲೇ ನಿಂತು ಬಿದ್ದು ಬಿದ್ದು ನಕ್ಕಳು. ಇವಳು ನಗಲೂ ಇಲ್ಲ, ಕೂರುವ ರೀತಿ ಬದಲಿಸಲೂ ಇಲ್ಲ. ಅದೂ ಹೋಗಲಿ ಎಂದರೆ, ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಬಾಯಿ. "ಬಲಕ್ಕ ಟ್ರ್ಯಾಕ್ಟರ್ ಅದ." "ಬಲಕ್ಕ ಎಮ್ಮಿ ಬರಾಕತ್ತಾವ." "ಆ ಟಿಪ್ಪರ್ ಹೋಗ್ಲಿ ತಡೀರಿ." ಮೂವತ್ತೈದು ವರ್ಷ ಗಾಡಿ ಓಡಿಸಿದವನಿಗೆ! "ನೀನ ಹಿಡಿ ಹ್ಯಾಂಡಲ್" ಎಂದು ಎಷ್ಟು ಸಲ ಕೂಗಿದೆನೋ. ಅವಳು ಸುಮ್ಮನಾಗುವಳು, ಮುಂದಿನ ತಿರುವಿನಲ್ಲಿ ಮತ್ತೆ ಶುರು.

ಅವಳನ್ನು ತವರಿಗೆ ಬಿಡುವ ನೆಪದಲ್ಲೇ ನಾನು ದೇವದುರ್ಗಕ್ಕೆ ಹೋಗುತ್ತಿದ್ದದ್ದು. ಅಲ್ಲಿ ನನ್ನ ಗೆಳೆಯನದೊಂದು ಲೇತ್ ಮಶಿನ್ನಿನ ಅಂಗಡಿ ಇದೆ. ಹಿಂದೆ ಶಕ್ತಿನಗರದಲ್ಲಿ ಗುತ್ತಿಗೆ ಮೇಲೆ ನಮ್ಮ ಜೊತೆ ಕೆಲಸ ಮಾಡಿದವನು. ಕೈ ಕೆಲಸದಲ್ಲಿ ಬಂಗಾರ. ರೈಫಲ್ಲನ್ನು ಅಂಗಡಿಗೆ ಒಯ್ಯುವಂತಿಲ್ಲವಾದ್ದರಿಂದ ಅಳತೆ ಮಾತ್ರ ಒಯ್ದೆ. ಗುಂಡು ಒಳಗೆ ತಳ್ಳುವ ಬೋಲ್ಟು ತೆಗೆದಿಟ್ಟು, ಖಾಲಿ ರೈಫಲ್ಲನ್ನು ಮೇಜಿನ ಮೇಲೆ ಬಿಗಿದು, ಔಷಧದ ರಟ್ಟಿನ ಡಬ್ಬಿ ಕತ್ತರಿಸಿ ಮೇಲ್ಪಟ್ಟಿಯ ಆಕಾರವನ್ನೂ ಓರೆಯನ್ನೂ ಅದರ ಮೇಲೆ ಬರೆದುಕೊಂಡಿದ್ದೆ. ಕೋನಮಾಪಕ ಇಟ್ಟು ನಲವತ್ತೈದನ್ನು ಮೂರು ಸಲ ನೋಡಿದ್ದೆ.

ಗೆಳೆಯ ರಟ್ಟನ್ನು ಹಿಡಿದು ನೋಡಿ, "ಇದ್ರಂಗ ಮಾಡಿದ್ರ ಮುಗೀತಲ್ಲಣ್ಣ?" ಎಂದ.

"ಇದ್ರಂಗ. ಕೂದಲೆಳಿ ಹೆಚ್ಚುಕಮ್ಮಿ ಆಗಬಾರದು."

ಎರಡನೆಯ ಸಲ ಹೋಗಿ ತಂದೆ. ಹಿಂದಿನ ಸೀಟಿನಿಂದ "ಬಲಕ್ಕ, ಬಲಕ್ಕ" ಕೇಳುತ್ತ ರಾಯಚೂರಿಗೆ ಬಂದು, ಕೈಕಾಲು ಸಹ ತೊಳೆಯದೆ ಕೂರಿಸಿ ನೋಡಿದೆ. ತುಂಡು ಪಟ್ಟಿಗೆ ಉಗುರಿಗೆ ಉಗುರು ಕೂಡಿದಂತೆ ಕೂತಿತು. ಓರೆ ಮಾತ್ರ ಬಲಕ್ಕೆ ಇತ್ತು! ಮೇಲಿನ ದುರ್ಬೀನಿನ ಕಾಲಿಗೆ ಜಾಗ ಬಿಟ್ಟು ಒಂದು ತುದಿ ಕೊರೆದಿದ್ದರಿಂದ ಹಿಂದುಮುಂದು ಮಾಡಿ ಕೂರಿಸುವಂತೆಯೂ ಇರಲಿಲ್ಲ.

ಮರುದಿನವೇ ಮೂರನೆಯ ಸಲ ಹೋದೆ. ಗಿರಾಕಿಗಳ ಮುಂದೆಯೇ ಅವನ ಮೇಲೆ ಹರಿಹಾಯ್ದೆ. ಎಡ ಯಾವುದು ಬಲ ಯಾವುದು ತಿಳಿಯದವನು ಲೇತ್ ಯಾಕೆ ಇಟ್ಟೆ, ಎಮ್ಮೆ ಕಾಯಿ ಹೋಗು ಎಂದೆಲ್ಲ ಅಂದೆ. ಅವನು ಮಶಿನ್ ಬಂದ್ ಮಾಡಿ, ಕೈ ಒರೆಸಿಕೊಂಡು, ಮೊಳೆಗೆ ಸಿಗಿಸಿದ್ದ ನನ್ನ ರಟ್ಟನ್ನು ತೆಗೆದು ತುಂಡಿನ ಮೇಲಿಟ್ಟ. ಒಂದಕ್ಕೊಂದು ಸರಿಯಾಗಿ ಕೂತಿತು.

"ನೀವು ಕುಂತು ಬರದದ್ದು ಯಾವ ಕಡಿಂದಣ್ಣ? ಹೊಡೆಯೋನ ಕಡಿಂದೋ, ಗುಂಡು ಹೋಗೋ ಕಡಿಂದೋ?"

ಆಗ ಹೊಳೆಯಿತು. ಅಳತೆ ಬರೆಯುವಾಗ ಹೊಡೆಯುವವನ ಜಾಗದಲ್ಲಿ ಕೂತರೆ ಕಿಟಕಿ ನನ್ನ ಬಲಕ್ಕೆ ಬರುತ್ತಿತ್ತು, ಗೆರೆಗಳು ಸರಿಯಾಗಿ ಕಾಣುತ್ತಿರಲಿಲ್ಲ. ಬೆಳಕು ಎಡಗಣ್ಣಿನ ಕಡೆಯಿಂದ ಬೀಳಲೆಂದು ಕುರ್ಚಿಯನ್ನು ಮೇಜಿನ ಆಚೆಗೆ, ನಳಿಗೆಯ ಬಾಯಿಯ ಕಡೆಗೆ, ಎಳೆದುಕೊಂಡು ಕೂತಿದ್ದೆ. ಮುಂದಿನಿಂದ ನೋಡಿ ಬರೆದದ್ದರಿಂದ ಎಡವೆಲ್ಲ ಬಲವಾಗಿತ್ತು. ಮೂವತ್ತು ವರ್ಷ ನಕ್ಷೆ ನೋಡಿ ಕೆಲಸ ಮಾಡಿದವನ ತಪ್ಪು ಇದು. ತಪ್ಪು ನನ್ನದೇ ಎಂದು ಒಪ್ಪಿಕೊಂಡರೆ ಯಾಕೆ ಆಚೆ ಕೂತೆ ಎಂದು ಅವನು ಕೇಳುತ್ತಾನೆ. ಅದಕ್ಕೇ ತುಂಡನ್ನು ಹಿಂದುಮುಂದು ತಿರುಗಿಸುತ್ತ ನಿಂತೆ. ಅವನು ನನ್ನ ಮುಖ ನೋಡಿ ರಟ್ಟನ್ನು ಮತ್ತೆ ಮೊಳೆಗೆ ಸಿಗಿಸಿದ. ಮಿರ್ಚಿ ಭಜಿ, ಮಂಡಕ್ಕಿ ಒಗ್ಗರಣೆ ತರಿಸಿ, "ತಿನ್ರಿ ಮೊದಲ. ಇನ್ನೊಂದು ಮಾಡಿ ಕೊಡ್ತೀನಿ" ಎಂದ. ಅವನ ಮೇಲೆ ಕೂಗಾಡಿದ್ದಕ್ಕಿಂತ ಆ ಮಿರ್ಚಿ ನುಂಗಿದ್ದು ನನಗೆ ಹೆಚ್ಚು ಕಷ್ಟವಾಯಿತು.

ನಾಲ್ಕನೆಯ ಸಲ ತಂದ ತುಂಡು ಎಡಕ್ಕೆ ವಾಲಿತ್ತು. ಕೆಂಪು ಚುಕ್ಕೆಯ ಗಾಜು ಅದರ ಮೇಲೆ ಕೂತಿತು. ಇನ್ನೇನು ಮುಗಿಯಿತು ಎಂದುಕೊಂಡು ಮಾನ್ವಿ ರಸ್ತೆಯಲ್ಲಿರುವ ನಮ್ಮ ಶೂಟಿಂಗ್ ಕ್ಲಬ್ಬಿನ ಬಯಲಿಗೆ ಹೋದೆ. ಗುಂಡು ಕೆಳಗೆ ಬೀಳುತ್ತಿತ್ತು. ಮೇಲೆತ್ತುವ ಸ್ಕ್ರೂ ತಿರುಗಿಸಿದೆ. ಗುಂಡು ಮೇಲಕ್ಕೂ ಹೋಯಿತು, ಎಡಕ್ಕೂ ಹೋಯಿತು. ಬಲಕ್ಕೆ ತರುವ ಸ್ಕ್ರೂ ತಿರುಗಿಸಿದರೆ ಬಲಕ್ಕೂ ಬಂತು, ಇನ್ನಷ್ಟು ಮೇಲಕ್ಕೂ ಏರಿತು. ಗಾಜೇ ಓರೆಯಾಗಿ ಕೂತಿರುವಾಗ ಅದರ 'ಮೇಲೆ' ಎನ್ನುವುದೂ ಓರೆ, 'ಬಲ' ಎನ್ನುವುದೂ ಓರೆ. ಎರಡೂ ಸ್ಕ್ರೂಗಳನ್ನು ಸಮಸಮ ತಿರುಗಿಸಿದರೆ ಮಾತ್ರ ಗುಂಡು ನೆಟ್ಟಗೆ ಏರುತ್ತದೆಂದು ತಿಳಿಯಲು ಒಂದು ಡಬ್ಬಿ ಗುಂಡು ಖಾಲಿಯಾಯಿತು. ಇಪ್ಪತ್ತೈದು ಮೀಟರಿನಲ್ಲಿ ಕೊನೆಗೂ ನಡುವೆ ಬಿದ್ದವು. ಹಲಗೆಯನ್ನು ಐವತ್ತಕ್ಕೆ ಒಯ್ದರೆ ಎಲ್ಲ ಎರಡು ಬೆರಳು ಎಡಕ್ಕೆ! ಪಕ್ಕದಲ್ಲಿ ಕೂತ ಗಾಜಿನ ನೋಟವೂ ನಳಿಗೆಯ ದಾರಿಯೂ ಒಂದೇ ಕಡೆ ಕೂಡುತ್ತವೆ, ಅಲ್ಲಿಂದ ಮುಂದೆ ಅದರ ದಾರಿ ಅದಕ್ಕೆ, ಇದರ ದಾರಿ ಇದಕ್ಕೆ. ಮತ್ತೆ ಐವತ್ತಕ್ಕೆಂದೇ ಹೊಂದಿಸಿದೆ. ಅದೂ ಆಯಿತು. ಆದರೆ ತಲೆ ವಾಲಿಸಿ, ಕತ್ತು ಕೊಂಕಿಸಿ ಹೊಡೆಯುವಾಗ ಕೆನ್ನೆ ಒಂದೊಂದು ಸಲ ಒಂದೊಂದು ಜಾಗಕ್ಕೆ ಕೂರುತ್ತಿತ್ತು. ಲೋಟದ ಗೆರೆಯೊಳಗೆ ಐದು, ಕೆಲವೊಮ್ಮೆ ಆರು. ಹತ್ತು ಯಾವತ್ತೂ ಇಲ್ಲ. ತಿಂಗಳುಗಟ್ಟಲೆ ಹೀಗೇ. ಮನೆಗೆ ಬಂದು ಕತ್ತಿಗೆ ಮುಲಾಮು ಹಚ್ಚಿಕೊಂಡು, ದಿಂಬು ಸರಿ ಇಲ್ಲ ಎಂದು ಹೆಂಡತಿಯ ಮೇಲೆ ರೇಗುತ್ತಿದ್ದೆ. ಹೊಸ ದಿಂಬೂ ಬಂತು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ನಾನು ಹೊರಡುವಾಗ ಅವಳೂ ಸೆರಗು ಸಿಗಿಸಿಕೊಂಡು ನಿಂತಳು.

"ನಾನೂ ಬರ್ತೀನಿ ಇವತ್ತ. ನನ್ನ ಸವತಿ ಅಲ್ಲಿ ಏನ್ ಮಾಡ್ತಾಳ ನೋಡೂಣು."

ಇಷ್ಟು ವರ್ಷದಲ್ಲಿ ಒಂದು ದಿನವೂ ಬಂದವಳಲ್ಲ. ಬೇಡ ಎನ್ನಲು ನೆಪ ಹುಡುಕುವಷ್ಟರಲ್ಲಿ ರೈಫಲ್ಲಿನ ಚೀಲವನ್ನು ತಾನೇ ಬೆನ್ನಿಗೆ ಹಾಕಿಕೊಂಡು, ಅತ್ತೊಂದು ಇತ್ತೊಂದು ಕಾಲು ಬಿಟ್ಟು ಬೈಕು ಏರಿದಳು. ಸವತಿಯನ್ನು ಬೆನ್ನಿಗೆ ಕಟ್ಟಿಕೊಂಡು ದಾರಿಯುದ್ದಕ್ಕೂ ಬಲಕ್ಕೆ ಏನೇನಿದೆ ಎಂದು ಹೇಳುತ್ತಲೇ ಬಂದಳು. ನಾನು ಹಲ್ಲು ಕಚ್ಚಿಕೊಂಡು ಓಡಿಸಿದೆ.

ಬಯಲಿನಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಕಾವಲುಗಾರ ಮಾತ್ರ. ಅವಳು ಕಿವಿಗೆ ಹತ್ತಿ ತುರುಕಿಕೊಂಡು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಇವತ್ತು ಬೀಳಲೇಬೇಕು, ಇವಳ ಮುಂದೆಯೇ ಬೀಳಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಹತ್ತು ಗುಂಡು ಹೊಡೆದೆ. ಕಾಗದ ತಂದು ನೋಡಿದರೆ ಲೋಟದೊಳಗೆ ಮೂರು. ಉಳಿದವು ಜೋಳ ಚೆಲ್ಲಿದ ಹಾಗೆ. ಒಂದು ವರ್ಷದಲ್ಲಿ ಅಷ್ಟು ಕೆಟ್ಟದಾಗಿ ನಾನು ಹೊಡೆದಿರಲಿಲ್ಲ.

ತಡೆಯಲಾಗಲಿಲ್ಲ. ಕಾಗದ ಹರಿದೆ. ರೈಫಲ್ ಖಾಲಿ ಮಾಡಿ ಮೇಜಿನ ಮೇಲಿಟ್ಟು, ಅಲೆನ್ ಕೀ ತೆಗೆದು, ಆ ದರಿದ್ರ ಗಾಜನ್ನು ತುಂಡಿನ ಸಮೇತ ಬಿಚ್ಚತೊಡಗಿದೆ. ಸ್ಕ್ರೂ ಜಾರಿ ಎಲ್ಲೋ ಬಿತ್ತು. ಕೂತು ಮಣ್ಣಿನಲ್ಲಿ ತಡಕಾಡಿದೆ.

"ನಿಮ್ಮ ಬಲಗಾಲ ಹತ್ರ ಅದ ನೋಡ್ರಿ."

"ಕಂಡದ ನನಗ" ಎಂದು ಗದರಿದೆ.

"ಕಂಡಿಲ್ಲ" ಎಂದಳು. ದನಿ ಏರಿಸಲಿಲ್ಲ. ಕಿವಿಯ ಹತ್ತಿ ತೆಗೆಯುತ್ತಿದ್ದಳು. "ಒಂದು ವರ್ಷ ಆತು, ಆ ಕಡಿದು ನಿಮಗ ಏನೂ ಕಂಡಿಲ್ಲ."

ನಾನು ಕೂತಲ್ಲೇ ಕೂತೆ. ಅವಳು ಎದ್ದು ಬಂದು ಸ್ಕ್ರೂ ಎತ್ತಿ, ಸೆರಗಿನಿಂದ ಮಣ್ಣು ಒರೆಸಿ ನನ್ನ ಅಂಗೈಯಲ್ಲಿಟ್ಟಳು.

"ಯಾರು ಹೇಳಿದ್ರು?"

"ಯಾರು ಹೇಳಬೇಕು? ನೀರು ಲೋಟದ ಹೊರಗ ಸುರವಿ ಜಗ್ಗಿಗೆ ಬೈತೀರಿ. ಬಂದೂಕಿನ ಎಣ್ಣಿ ಡಬ್ಬ್ಯಾಗ ಕಣ್ಣಿನ ಔಷಧ ಇಡ್ತೀರಿ. ನನಗೇನು ಬುದ್ಧಿ ಇಲ್ಲೇನು?"

"ಮತ್ತ ಕೇಳಲಿಲ್ಲ?"

"ಕೇಳಿದ್ರ ಇಲ್ಲಂತಿದ್ರಿ. ನೀವಾಗೇ ಹೇಳ್ತೀರಿ ಅಂತ ದಾರಿ ನೋಡಿದೆ. ನೋಡಿ ನೋಡಿ ಸಾಕಾತು. ಅದಕ್ಕ ಬಂದೆ ಇವತ್ತ."

ನನಗೆ ಮೊದಲು ಬಂದದ್ದು ಸಿಟ್ಟೇ. ವರ್ಷವಿಡೀ ನಾನು ಕಳ್ಳನಂತೆ ಹನಿ ಹಾಕಿಕೊಂಡಿದ್ದು, ದೇವದುರ್ಗಕ್ಕೆ ಅಲೆದದ್ದು, ಕತ್ತು ನೋಯಿಸಿಕೊಂಡದ್ದು, ಎಲ್ಲ ಯಾರಿಗಾಗಿ? ಏನಾದರೂ ಅನ್ನಲೇಬೇಕೆಂದು, "ನಿನ್ನ ಸೊಂಟದ್ದು ನೀ ನೋಡ್ಕೋ ಮೊದಲ" ಎಂದೆ.

"ನನ್ನ ಸೊಂಟಕ್ಕ ಏನೂ ಆಗಿಲ್ಲ" ಎಂದಳು.

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಎರಡೂ ಕಾಲು ಎಡಕ್ಕೆ ಬಿಟ್ಟು ಕೂತ ಹೆಂಗಸಿಗೆ ಕಾಣುವುದು ಎಡಗಡೆ ಮಾತ್ರ. ಬಲಗಡೆ ನೋಡಬೇಕೆಂದರೆ ಗಂಡಸರಂತೆಯೇ ಕೂರಬೇಕು. ತಂಗಿ ನಕ್ಕರೂ, ಓಣಿಯವರು ನೋಡಿದರೂ, ನಾನು ಹೀಯಾಳಿಸಿದರೂ ಅವಳು ಹಾಗೆ ಕೂತದ್ದು ಅದಕ್ಕಾಗಿ. ನಾನು ಅಷ್ಟೂ ದಿನ ಕೂಗಾಡಿದ್ದೆ. ಕಣ್ಣು ತುಂಬಿ ಬಂತು. ಕಾಣದ ಕಣ್ಣಿನಲ್ಲೂ ನೀರು ಬರುತ್ತದೆ, ಅದು ನನಗೆ ಗೊತ್ತಿರಲಿಲ್ಲ.

"ಈಗ ಬಂದೂಕ ಬಿಡಸ್ತೀಯೇನು?" ಎಂದು ಕೇಳಿದೆ.

"ಯಾಕ ಬಿಡಸ್ಲಿ? ಆ ಕಡಿ ಹೆಗಲಿಗೆ ಇಟ್ಕೊಂಡು ಹೊಡೀರಿ. ಎಡಗಣ್ಣು ಚಲೋ ಅದಲ್ಲ?"

ಅಪ್ಪನ ಮಾತು ಹೇಳಿದೆ. ಹೆಗಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ್ದು, ಚೀಲ ಹೊತ್ತ ಹೆಗಲು, ಬಂದೂಕು ಹೊತ್ತ ಹೆಗಲು. ಮದುವೆಯಾದಾಗಿನಿಂದ ಅವಳು ಆ ಕಥೆಯನ್ನು ಹತ್ತು ಸಲವಾದರೂ ಕೇಳಿದ್ದಾಳೆ. ಹನ್ನೊಂದನೆಯ ಸಲವೂ ಪೂರ್ತಿ ಕೇಳಿದಳು.

"ಮಾವನೋರು ಎರಡೂ ಹೆಗಲಮ್ಯಾಲ ಹೊರ್ತಿದ್ರು. ನಾ ನೋಡೀನಲ್ಲ. ಒಂದು ಹೆಗಲು ಸೋತ್ರ ಇನ್ನೊಂದಕ್ಕ ಹಾಕ್ಕೊಂಡು ನಡೀತಿದ್ರು. ಚೀಲ ಒಗದು ಕುಂದರ್ತಿದ್ದಿಲ್ಲ."

ಎದ್ದು, ಒಂದು ಗುಂಡು ತುಂಬಿ, ರೈಫಲ್ಲನ್ನು ಎಡ ಹೆಗಲಿಗೆ ಇಟ್ಟುಕೊಂಡೆ. ಪರರ ಮಗುವನ್ನು ಎತ್ತಿಕೊಂಡಂತೆ ಅನ್ನಿಸಿತು. ಮೇಲಿನ ಹಳೆಯ ದುರ್ಬೀನಿನಲ್ಲಿ ಎಡಗಣ್ಣಿಟ್ಟು ಹೊಡೆದೆ. ಗುಂಡು ಹಲಗೆಯನ್ನೇ ಮುಟ್ಟಲಿಲ್ಲ, ಹಿಂದಿನ ದಿಬ್ಬದಲ್ಲಿ ಮಣ್ಣು ಹಾರಿತು. ಹೆಂಡತಿ ನಕ್ಕಳು. "ಇವತ್ತಿಗೆ ಇಷ್ಟ ಸಾಕು, ನಡೀರಿ" ಎಂದು ಚೀಲ ಬೆನ್ನಿಗೇರಿಸಿದಳು.

ಬಯಲಿನಿಂದ ಮಣ್ಣು ದಾರಿ ಹಿಡಿದು ಬಂದರೆ ಮಾನ್ವಿಯ ದೊಡ್ಡ ರಸ್ತೆ. ಅಲ್ಲಿ ಗಾಡಿ ನಿಲ್ಲಿಸಿದೆ. ಬಲಗಡೆ ಬೆಳ್ಳಗೆ ಮಬ್ಬು, ಎಂದಿನಂತೆ. ಹಿಂದಿನಿಂದ ದನಿ ಬರಲಿ ಎಂದು ಕಾದೆ. ಬರಲಿಲ್ಲ.

"ಬಲಕ್ಕ ಏನರೆ ಅದೇನು?" ಎಂದು ಕೇಳಿದೆ. ಆ ವರ್ಷದಲ್ಲಿ ಮೊದಲ ಸಲ.

"ಒಂದು ಟಿಪ್ಪರ್ ಅದ. ತಡೀರಿ" ಎಂದಳು. ಟಿಪ್ಪರು ಧೂಳೆಬ್ಬಿಸಿ ಹೋಯಿತು. ಅವಳ ಕೈ ನನ್ನ ಹೆಗಲ ಮೇಲೆ ಬಂತು. "ಈಗ ನಡೀರಿ."